ಮುರಕಲ್ಲು ಮನೆಯಲ್ಲಿ ನ್ಯಾನೊಸೆಕೆಂಡ್

ಕಾಸರಗೋಡು ಪಟ್ಟಣ ಹೆಚ್ಚುಕಡಿಮೆ 75 ಡಿಗ್ರಿ ಪೂರ್ವ ರೇಖಾಂಶದ ಮೇಲೆಯೇ ಕೂತಿದೆ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ಹಾಗಾಗಿ ಇಲ್ಲಿನ ಸರಾಸರಿ ನಡುಹಗಲು ಕೈಗಡಿಯಾರದ 12:30ಕ್ಕೆ. ಫೆಬ್ರವರಿ ನಡುವಿನಲ್ಲಿ ಸೂರ್ಯ ಅದಕ್ಕೂ 14 ನಿಮಿಷ ತಡ, ನವೆಂಬರ್ ಶುರುವಿನಲ್ಲಿ 16 ನಿಮಿಷ ಬೇಗ. ಪಂಚಾಂಗ ನೋಡಿ ಗೊತ್ತಿರುವವರಿಗೆ ಈ ಲೆಕ್ಕ ಹೊಸದೇನಲ್ಲ. ಇದೇ ದಾರಿಯಲ್ಲಿ ಕೆಳಕ್ಕೆ ಇಳಿಯುತ್ತ ಹೋಗಿ, ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲನ್ನು, ಅಂದರೆ ನ್ಯಾನೊಸೆಕೆಂಡನ್ನು, ಮನೆಯ ಮೇಜಿನ ಮೇಲೆ ಅಳೆಯಲು ಕೂರುವುದು ಒಂದು ಗಂಭೀರ ಹವ್ಯಾಸ. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು 30 ಸೆಂಟಿಮೀಟರ್.

ಈ ಹವ್ಯಾಸದ ಕೈಪಿಡಿಗಳೆಲ್ಲ ಬಹುಪಾಲು ಬರೆದಿರುವುದು ಒಣಹವೆಯ, ತಂಪು ದೇಶಗಳ, ನೆಲಮಾಳಿಗೆ ಇರುವ ಮನೆಗಳಿಗೆ. ಅವು ಹೇಳುವ ಸರ್ಕೀಟನ್ನೇ ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಕಟ್ಟಿದರೆ ಬೇರೆ ಥರ ನಡೆದುಕೊಳ್ಳುತ್ತದೆ. ಇಲ್ಲಿ ನಿಖರತೆ ಸೋರಿಹೋಗುವುದು ಹೆಚ್ಚಾಗಿ ಆಸಿಲೇಟರಿನ (ಒಂದೇ ಲಯದ ಅಲೆ ಹುಟ್ಟಿಸುವ ಸರ್ಕೀಟಿನ) ಸುತ್ತಮುತ್ತಲಿಂದ: ಸೆಖೆ, ತೇವ, ಕರೆಂಟು, ತೆಂಗಿನ ಗರಿ, ಸಿಡಿಲು, ಮತ್ತೆ ತಲೆಯ ಮೇಲಿನ ಅಯಾನುಗೋಳ (ರೇಡಿಯೊ ಅಲೆಯನ್ನು ಬಾಧಿಸುವ, ವಿದ್ಯುದಾವೇಶದ ಮೇಲ್ಪದರ). ದುಬಾರಿ ರುಬಿಡಿಯಂ ಪರಮಾಣು ಗಡಿಯಾರ ತರಿಸುವ ಮೊದಲು ಇವುಗಳ ಲೆಕ್ಕ ಚುಕ್ತಾ ಮಾಡಬೇಕು.

ಮೊದಲು, ಯಾರಿಗೆ ಎಷ್ಟು ಬೇಕು ಎಂಬುದು. 7.074 ಮೆಗಾಹರ್ಟ್ಸ್‌ನಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ಸಂದೇಶ ವಿಧಾನದಲ್ಲಿ ಆಡುವ ಹ್ಯಾಮ್‌ಗೆ (ಹವ್ಯಾಸಿ ರೇಡಿಯೊದವರಿಗೆ) ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿದ್ದರೆ ಸಾಕು; ಇಂಟರ್ನೆಟ್ಟಿನ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಅದನ್ನು ಸುಲಭವಾಗಿ ಕೊಡುತ್ತದೆ. ಮನೆಯೊಳಗೆ ಮೈಕ್ರೊಸೆಕೆಂಡುಗಳ ಸಮಯ ಬೇಕೆಂದರೆ ಒಂದು ರಾಸ್‌ಬೆರಿ ಪೈ, ಸೆಕೆಂಡಿಗೊಂದು ಪಲ್ಸ್ ಕೊಡುವ ಜಿಪಿಎಸ್ ಮಾಡ್ಯೂಲು, ಕ್ರೋನಿ ತಂತ್ರಾಂಶ, ಇಷ್ಟೇ. ಪಲ್ಸನ್ನು ಯುಎಸ್‌ಬಿ ಮೂಲಕ ತರಬೇಡಿ, ಮಿಲಿಸೆಕೆಂಡಿನಷ್ಟು ಅಲ್ಲಾಡುತ್ತದೆ; ನೇರ ಜಿಪಿಐಒ ಪಿನ್ನಿಗೆ ಕೊಡಿ. ಫ್ರೀಕ್ವೆನ್ಸಿ ಕೌಂಟರು, ಸಿಗ್ನಲ್ ಜನರೇಟರು, ಸ್ಪೆಕ್ಟ್ರಂ ಅನಲೈಸರು ಎಲ್ಲಕ್ಕೂ ಒಂದೇ 10 ಮೆಗಾಹರ್ಟ್ಸ್ ಆಧಾರ ಬೇಕು, ಅದು 10⁻¹⁰ಕ್ಕಿಂತ, ಅಂದರೆ ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ, ಹೆಚ್ಚು ತಪ್ಪಬಾರದು ಎನ್ನುವವರಿಗೆ ಮಾತ್ರ ಮುಂದಿನ ಮಾತು.

ಇರುವ ಆಸಿಲೇಟರು ಎಷ್ಟು ಸರಿ ಎಂದು ನೋಡಲು ಎರಡು ಚಾನೆಲ್ಲಿನ ಸಾಧಾರಣ ಆಸಿಲೋಸ್ಕೋಪು ಸಾಕು. ಒಂದು ಚಾನೆಲ್ಲಿಗೆ ನಂಬಿಕೆಯ 10 ಮೆಗಾಹರ್ಟ್ಸ್, ಇನ್ನೊಂದಕ್ಕೆ ಪರೀಕ್ಷೆಯದು. ಮೊದಲನೆಯದರ ಮೇಲೆ ಟ್ರಿಗರ್ ಮಾಡಿ, ಎರಡನೆಯ ಅಲೆ ಪರದೆಯ ಮೇಲೆ ಎಷ್ಟು ವೇಗವಾಗಿ ಜಾರುತ್ತದೆಂದು ನೋಡಿ. ಒಂದು ಪೂರ್ತಿ ಅಲೆ 100 ನ್ಯಾನೊಸೆಕೆಂಡ್. ಅದು ಜಾರಲು 100 ಸೆಕೆಂಡ್ ಹಿಡಿದರೆ ವ್ಯತ್ಯಾಸ 10⁻⁹. ಸಾವಿರ ಸೆಕೆಂಡ್ ಹಿಡಿದರೆ 10⁻¹⁰. ಎರಡೂ ಕೇಬಲ್ಲಿನ ಕೊನೆಯಲ್ಲಿ 50 ಓಮಿನ ಟರ್ಮಿನೇಶನ್ ಇರಲಿ. ಇಲ್ಲದಿದ್ದರೆ ಮೀಟರಿಗೆ 5 ನ್ಯಾನೊಸೆಕೆಂಡಿನ ಆರ್‌ಜಿ-58 ಕೇಬಲ್ಲಿನಲ್ಲಿ ಅಲೆ ಹೋಗಿ ಮರಳಿ ಬಂದು ಮೂಲ ಅಲೆಯ ಅಂಚನ್ನೇ ಬಗ್ಗಿಸುತ್ತದೆ. ಕೌಂಟರುಗಳ ಅಂಕಿಗಳಲ್ಲಿ ಮುಳುಗುವ ಮೊದಲು ಈ ಜಾರುವಿಕೆಯನ್ನು ಕಣ್ಣಲ್ಲಿ ನೋಡಿದವರಿಗೆ ಅಳತೆ ಎಂದರೆ ಎರಡು ಗಡಿಯಾರಗಳ ಹೋಲಿಕೆ ಎಂಬುದು ಬೇಗ ತಲೆಗೆ ಹೋಗುತ್ತದೆ.

ನಂಬಿಕೆಯ 10 ಮೆಗಾಹರ್ಟ್ಸ್ ಎಲ್ಲಿಂದ? ಹವ್ಯಾಸಿಗಳು ಸಾಮಾನ್ಯವಾಗಿ ಕಟ್ಟುವುದು ಜಿಪಿಎಸ್‌ಡಿಒ, ಅಂದರೆ ಜಿಪಿಎಸ್ ಪಲ್ಸು ನೋಡಿ ತಿದ್ದಿಕೊಳ್ಳುವ ಆಸಿಲೇಟರು. ಉಪಗ್ರಹದ ಪಲ್ಸು ಒಂದೊಂದು ಸೆಕೆಂಡಿಗೂ ಹತ್ತಾರು ನ್ಯಾನೊಸೆಕೆಂಡ್ ಆಚೀಚೆ ಆಗುತ್ತದೆ, ಆದರೆ ತಿಂಗಳು ಕಳೆದರೂ ದಾರಿ ತಪ್ಪುವುದಿಲ್ಲ. ಓವನ್ನಿನೊಳಗಿನ ಸ್ಫಟಿಕದ ಆಸಿಲೇಟರು (ಓಸಿಎಕ್ಸ್‌ಒ) ಒಂದೆರಡು ಸೆಕೆಂಡಿನ ಮಟ್ಟಿಗೆ ಬಹಳ ನಯ, ದಿನ ಹೋದಂತೆ ಜಾರುತ್ತದೆ. ಎರಡನ್ನೂ, ತಪ್ಪು ನೋಡಿ ಮೆಲ್ಲಗೆ ತಿದ್ದುತ್ತ ಹೋಗುವ ನಿಧಾನದ ಲೂಪಿನಿಂದ ಕಟ್ಟಿದರೆ ಎರಡರ ಒಳ್ಳೆಯ ಗುಣವೂ ಸಿಗುತ್ತದೆ. ಬಿಡಿಭಾಗಗಳು ಹೆಚ್ಚಿಲ್ಲ: ದೂರವಾಣಿ ಉಪಕರಣಗಳಿಂದ ಕಳಚಿದ ಹಳೆಯ ಓಸಿಎಕ್ಸ್‌ಒ (ಮೊರಿಯೋನ್ ಎಂವಿ89ಎ ಥರದ ಡಬಲ್ ಓವನ್ ಸಿಕ್ಕಿದರೆ ಒಳ್ಳೆಯದು), ಟೈಮಿಂಗ್ ರಿಸೀವರು, ಒಂದು ಆರ್ಡುಯಿನೊ ನ್ಯಾನೊ, ಮೂರು ನಾಲ್ಕು ಐಸಿ. ಮಂಗಳೂರಿನ ಅಂಗಡಿಗಳಲ್ಲಿ ಸಿಗದ ಐಸಿಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ, ಓಸಿಎಕ್ಸ್‌ಒ ಮಾತ್ರ ಹೆಚ್ಚಾಗಿ ಆನ್‌ಲೈನೇ ಗತಿ.

ಆಂಟೆನಾದ ಜಾಗದ ಬಗ್ಗೆ ತುಸು ನಿಂತು ಹೇಳಬೇಕು. ಉತ್ತರದ ದೇಶಗಳ ಕೈಪಿಡಿಗಳಲ್ಲಿ ದಕ್ಷಿಣದ ಆಕಾಶ ತೆರೆದಿರಲಿ ಎಂದು ಬರೆದಿರುತ್ತದೆ. ಜಿಪಿಎಸ್ ಉಪಗ್ರಹಗಳ ಕಕ್ಷೆಯ ವಾಲು 55 ಡಿಗ್ರಿ. ಅವರಿಗೆ ಉತ್ತರದ ಕಡೆ ಆಕಾಶದಲ್ಲಿ ದೊಡ್ಡ ಖಾಲಿ ಜಾಗ ಇರುತ್ತದೆ. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಆ ಖಾಲಿ ಜಾಗ ಉತ್ತರದ ದಿಗಂತದ ಹತ್ತಿರ ಕೆಳಗೆ ಕೂತಿದೆ, ನೆತ್ತಿಯ ಮೇಲೆ ಉಪಗ್ರಹಗಳಿಗೆ ಬರವಿಲ್ಲ. ನಮಗೆ ಬೇಕಾದ್ದು ನೆತ್ತಿಯ ಸುತ್ತ ಬಿಡುವಾದ ಆಕಾಶ. ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಓದುವ ರಿಸೀವರು ಇದ್ದರೆ ಇನ್ನೂ ಅನುಕೂಲ. 2023ರ ಮೇ 29ರಂದು ಹಾರಿದ ಅದರ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರವಿದೆ, ಜಿಪಿಎಸ್ ಬಳಸುವ ಎಲ್1 ಆವರ್ತನದ ಸಿಗ್ನಲೂ ಇದೆ.

ತೊಂದರೆ ಕೊಡುವುದು ತೋಟ. ಮನೆಯ ಸುತ್ತ ತೆಂಗು, ಕಂಗು. ಬೇಸಗೆಯಲ್ಲಿ ಒಣಗಿದ ಗರಿಗಳ ನಡುವಿನಿಂದ ಹೇಗೋ ಬರುತ್ತಿದ್ದ ಸಿಗ್ನಲು ಮಳೆಗಾಲದಲ್ಲಿ ಗರಿ ನೆನೆದ ಕೂಡಲೆ ಹಲವು ಡೆಸಿಬೆಲ್ ಬೀಳುತ್ತದೆ, ನೀರು ಆ ಆವರ್ತನವನ್ನು ಹೀರಿಬಿಡುತ್ತದೆ. ರಿಸೀವರು ತೋರಿಸುವ ಸಿಗ್ನಲ್ ಬಲ 45 ಡೆಸಿಬೆಲ್-ಹರ್ಟ್ಸ್ ಆಸುಪಾಸು ಇದ್ದರೆ ಒಳ್ಳೆಯದು. ಎತ್ತರದ ಉಪಗ್ರಹವೂ 35ಕ್ಕಿಂತ ಕೆಳಗಿದ್ದರೆ ಮೇಲೆ ಏನೋ ಅಡ್ಡ ಇದೆ ಎಂದೇ ಅರ್ಥ. ಹಂಚಿನ ಮಾಡಾದರೆ ಜಿಐ ಪೈಪನ್ನು ಮಾಡಿನ ತುದಿಯಿಂದ ಒಂದೂವರೆ ಮೀಟರ್ ಮೇಲೇರಿಸಿ. ಅಡಿಕೆ ಒಣಗಿಸಲು ತಾರಸಿಯ ಮೇಲೆ ತಗಡಿನ ಶೀಟು ಹೊದೆಸಿದ ಮನೆಯಾದರೆ ಆಂಟೆನಾ ಶೀಟಿನ ಅಂಚಿಗಿಂತ ತಗ್ಗಿನಲ್ಲಿ ಇರಲೇಬಾರದು. ಶೀಟಿನಿಂದ ಪ್ರತಿಫಲಿಸಿ ಬಂದ ಸಿಗ್ನಲು ಸಮಯವನ್ನು ಹತ್ತಾರು ನ್ಯಾನೊಸೆಕೆಂಡ್ ಹಿಂದಕ್ಕೆ ತಳ್ಳುತ್ತದೆ. ರಿಸೀವರಿನಲ್ಲಿ 15-20 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಡುವಂತೆ ಹೇಳಿ.

ಕೇಬಲ್ಲಿಗೆ ಡಿಶ್ ಟಿವಿಯ ಆರ್‌ಜಿ-6 ಚೆನ್ನಾಗಿಯೇ ನಡೆಯುತ್ತದೆ. 75 ಓಮು, 50 ಓಮು ಎಂಬ ಭೇದದಿಂದ ಆಗುವ ನಷ್ಟ ಸಣ್ಣದು. ಎಲ್1 ಆವರ್ತನದಲ್ಲಿ ಅದರ ನಷ್ಟ ಮೀಟರಿಗೆ ಕಾಲು ಡೆಸಿಬೆಲ್‌ಗಿಂತ ತುಸು ಹೆಚ್ಚು, ಆರ್‌ಜಿ-58ಕ್ಕೆ ಅದರ ಎರಡೂವರೆ ಪಟ್ಟಿಗೂ ಮೇಲೆ. ಫೋಮಿನ ಆರ್‌ಜಿ-6ರಲ್ಲಿ ಸಿಗ್ನಲಿಗೆ ಮೀಟರಿಗೆ ಸುಮಾರು 4 ನ್ಯಾನೊಸೆಕೆಂಡ್ ತಡವಾಗುತ್ತದೆ. 20 ಮೀಟರಿಗೆ 80. ಈ ಅಂಕಿಯನ್ನು ರಿಸೀವರಿನ ಆಂಟೆನಾ ಡಿಲೇ ಜಾಗದಲ್ಲಿ ತುಂಬಿ. ಕಡಲ ಹತ್ತಿರದ ಮನೆಗಳಲ್ಲಿ ಎಫ್ ಕನೆಕ್ಟರು ಬೇಗ ಉಪ್ಪು ಹಿಡಿದು ಹಸಿರಾಗುತ್ತದೆ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮನೆಯೊಳಗೆ ಹೊಗುವ ಮೊದಲು ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಬಳುಕಿಸಿ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆಂಟೆನಾ ನಿಂತ ಮೇಲೆ ರಿಸೀವರಿಗೆ ತನ್ನ ಜಾಗವನ್ನು ತಾನೇ ಸರಾಸರಿ ಮಾಡಿಕೊಳ್ಳಲು ಪೂರ್ತಿ 24 ಗಂಟೆ ಕೊಡಿ. ಜಾಗ ಗಟ್ಟಿಯಾದರೆ ಅದು ಲೆಕ್ಕ ಹಾಕಬೇಕಾದ್ದು ಸಮಯ ಒಂದನ್ನೇ, ಒಂದು ಉಪಗ್ರಹ ಕಂಡರೂ ಕೆಲಸ ಸಾಗುತ್ತದೆ. ನಿಯೋ-ಎಂ8ಟಿ ಥರದ ಟೈಮಿಂಗ್ ಮಾಡ್ಯೂಲುಗಳಿಗೆ ಈ ಸೌಲಭ್ಯವಿದೆ, ಡ್ರೋನಿಗೆ ಹಾಕುವ ಅಗ್ಗದ ಮಾಡ್ಯೂಲುಗಳಿಗೆ ಇಲ್ಲ. ಮಾರುಕಟ್ಟೆಯಲ್ಲಿ ನಕಲಿ ಚಿಪ್ಪುಗಳು ಸಾಕಷ್ಟಿವೆ. ಟೈಮಿಂಗ್ ಆಜ್ಞೆಗಳಿಗೆ ಉತ್ತರ ಕೊಡದ ಮಾಡ್ಯೂಲನ್ನು ಆ ದಿನವೇ ಹಿಂದಿರುಗಿಸುವುದು ಒಳ್ಳೆಯದು. ಅಸಲಿ ಚಿಪ್ಪಿನ ಪಲ್ಸಿಗೂ ಒಂದು ಮಿತಿ ಇದೆ. ತನ್ನೊಳಗಿನ ಗಡಿಯಾರದ ಅಂಚು ಬಂದಾಗಲೇ ಅದು ಪಲ್ಸು ಕೊಡಬಲ್ಲದು. ಎಂ8ಟಿಯಲ್ಲಿ ಇದರಿಂದ ಸುಮಾರು 11 ನ್ಯಾನೊಸೆಕೆಂಡ್ ಮುಂದೆಯೋ ಹಿಂದೆಯೋ ಆಗುತ್ತದೆ. ಮುಂದಿನ ಪಲ್ಸು ಎಷ್ಟು ತಪ್ಪಲಿದೆ ಎಂಬುದನ್ನು ಚಿಪ್ಪು ಮುಂಚಿತವಾಗಿಯೇ ಸೀರಿಯಲ್ ಪೋರ್ಟಿನಲ್ಲಿ ಪಿಕೊಸೆಕೆಂಡುಗಳಲ್ಲಿ ಹೇಳುತ್ತದೆ. ಅದನ್ನು ಓದಿ ಅಳತೆಯಿಂದ ಕಳೆಯಲೇಬೇಕು. ಸರಾಸರಿಯಲ್ಲಿ ತಾನಾಗಿ ಹೋಗುತ್ತದೆ ಎಂದು ಬಿಟ್ಟವರಿಗೆ ಕೆಲವೊಮ್ಮೆ ಈ ದೋಷ ನಿಮಿಷಗಟ್ಟಲೆ ಒಂದೇ ಕಡೆ ವಾಲಿ ನಿಂತು ಲೂಪನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ.

ಅಯಾನುಗೋಳದ ವಿಷಯ ನಮ್ಮ ಕಡೆಯವರಿಗೇ ಹೆಚ್ಚು ಮುಖ್ಯ, ಏಕೆಂದರೆ ಭೂಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯನ್ನು ಹಾದು ಹೋಗುತ್ತದೆ, ಕಾಸರಗೋಡು ಅದಕ್ಕೆ ಹತ್ತಿರ. ಅಯಾನುಗೋಳದ ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಅಳೆಯುವ ಒಂದು ಘಟಕಕ್ಕೆ ಎಲ್1 ಸಿಗ್ನಲು 16 ಸೆಂಟಿಮೀಟರ್, ಅಂದರೆ ಅರ್ಧ ನ್ಯಾನೊಸೆಕೆಂಡಿಗಿಂತ ತುಸು ಹೆಚ್ಚು, ತಡವಾಗುತ್ತದೆ. ಮಧ್ಯಾಹ್ನ ಇಂಥ 80 ಘಟಕಗಳು ಇದ್ದವು ಎಂದುಕೊಳ್ಳಿ. ಉಪಗ್ರಹ ಕಳಿಸುವ ಸರಳ ಮಾದರಿ ಸುಮಾರು ಅರ್ಧದಷ್ಟನ್ನು ಮಾತ್ರ ತಿದ್ದುತ್ತದೆ. ಉಳಿದದ್ದು 20 ನ್ಯಾನೊಸೆಕೆಂಡಿಗೂ ಹೆಚ್ಚು. ಅದು ಹಗಲು ಏರಿ ರಾತ್ರಿ ಇಳಿಯುತ್ತದೆ. ಅರ್ಧ ದಿನದಲ್ಲಿ 20 ನ್ಯಾನೊಸೆಕೆಂಡ್ ಎಂದರೆ ಆವರ್ತನದಲ್ಲಿ 10⁻¹²ಕ್ಕೂ ಕಡಿಮೆ. ಹಾಗಾಗಿ ಬರೀ 10 ಮೆಗಾಹರ್ಟ್ಸ್ ಆಧಾರ ಬೇಕಿದ್ದವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಿಜವಾದ ಸಮಯವೇ ಬೇಕು, ಸೆಕೆಂಡಿನ ಅಂಚೇ ಸರಿಯಾಗಿ ಬರಬೇಕು ಎನ್ನುವವರು ಎರಡು ಆವರ್ತನ ಓದುವ ಜೆಡ್‌ಇಡಿ-ಎಫ್9ಟಿಯಂಥ ರಿಸೀವರಿಗೆ ಹಣ ಹಾಕಲಿ. ಎರಡು ಆವರ್ತನಗಳ ತಡ ಬೇರೆಬೇರೆ ಇರುವುದರಿಂದ ಆ ವ್ಯತ್ಯಾಸದಿಂದಲೇ ಅಯಾನುಗೋಳದ ಪಾಲನ್ನು ಅದು ಲೆಕ್ಕ ಹಾಕಿ ತೆಗೆಯುತ್ತದೆ.

ಇನ್ನೊಂದು ತೊಂದರೆ ಸಂಜೆಯದು. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಹೊತ್ತು ಮುಳುಗಿ ಒಂದು ಗಂಟೆಯ ಮೇಲೆ ಅಯಾನುಗೋಳದಲ್ಲಿ ಟೊಳ್ಳುಗಳು ಎದ್ದು, ಚೆನ್ನಾಗಿದ್ದ ಉಪಗ್ರಹಗಳ ಸಿಗ್ನಲು ಹತ್ತು ಹದಿನೈದು ಡೆಸಿಬೆಲ್ ಏರಿಳಿಯುತ್ತದೆ, ಕೆಲವು ಕೈ ತಪ್ಪುತ್ತವೆ. ನಡುರಾತ್ರಿಯ ಹೊತ್ತಿಗೆ ಶಾಂತವಾಗುತ್ತದೆ. ಇದು ಕೇಬಲ್ಲಿನ ದೋಷ ಎಂದು ತಿಳಿದು ಕನೆಕ್ಟರು ಬದಲಿಸುವವರಿದ್ದಾರೆ. ದಿನವೂ ಅದೇ ಹೊತ್ತಿಗೆ ಶುರುವಾಗಿ ತಾನಾಗಿ ಸರಿಹೋಗುವುದಾದರೆ ಕನೆಕ್ಟರು ಮುಟ್ಟಬೇಡಿ. ಆರ್ಡುಯಿನೊದ ಪ್ರೋಗ್ರಾಮಿನಲ್ಲಿ, ಹಿಂದಿನ ಸರಾಸರಿಗಿಂತ 50 ನ್ಯಾನೊಸೆಕೆಂಡ್ ಆಚೆ ಬಿದ್ದ ಪಲ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಒಂದು ಸಾಲು ಬರೆದರೆ ಈ ಗಲಾಟೆ ಆಸಿಲೇಟರಿನವರೆಗೆ ತಲುಪುವುದಿಲ್ಲ.

ಈಗ ಮೇಜಿನ ಮೇಲಿನ ಕೆಲಸ. ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಸರಳ ವಿನ್ಯಾಸದಲ್ಲಿ 10 ಮೆಗಾಹರ್ಟ್ಸನ್ನು 74ಎಚ್‌ಸಿ390 ಹತ್ತರಿಂದ ಭಾಗಿಸಿ 1 ಮೆಗಾಹರ್ಟ್ಸ್ ಮಾಡುತ್ತದೆ. 74ಎಚ್‌ಸಿ4046ರ ಫೇಸ್ ಡಿಟೆಕ್ಟರು ಜಿಪಿಎಸ್ ಪಲ್ಸಿಗೂ ಅದರ ಮುಂದಿನ ಅಂಚಿಗೂ ನಡುವಿನ ಹೊತ್ತಿನಲ್ಲಿ 3.9 ಕಿಲೋಓಮ್ ರೆಸಿಸ್ಟರು, 1ಎನ್5711 ಡಯೋಡು ಮೂಲಕ 1 ನ್ಯಾನೊಫ್ಯಾರಡಿನ ಕೆಪಾಸಿಟರನ್ನು ತುಂಬುತ್ತದೆ. ಆರ್ಡುಯಿನೊ ಆ ವೋಲ್ಟೇಜನ್ನು ತನ್ನ 1.1 ವೋಲ್ಟಿನ ಒಳ ಆಧಾರದೊಂದಿಗೆ ಓದುತ್ತದೆ. ಒಂದು ಮೈಕ್ರೊಸೆಕೆಂಡಿನ ಹರವು 1,024 ಮೆಟ್ಟಿಲುಗಳಲ್ಲಿ ಹಂಚಿಹೋಗಿ ಮೆಟ್ಟಿಲಿಗೆ ಸುಮಾರು ಒಂದು ನ್ಯಾನೊಸೆಕೆಂಡ್ ಸಿಗುತ್ತದೆ. ಓದಿದ ಮೇಲೆ ಕೆಪಾಸಿಟರು ಖಾಲಿಯಾಗಲು ಅದಕ್ಕೆ ಅಡ್ಡಲಾಗಿ 10 ಮೆಗಾಓಮ್. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸೂಕ್ಷ್ಮವಾಗಿ ಅಳೆಯುವ ಸರ್ಕೀಟು ಮತ್ತೊಂದಿಲ್ಲ ಎನ್ನುವಷ್ಟು ಇದು ಚೆಂದವಾಗಿದೆ.

ಆದರೆ ಆ 10 ಮೆಗಾಓಮ್ ನಮ್ಮ ಮಳೆಗಾಲದ ಆಟಿ ತಿಂಗಳಿಗೆ ಹೇಳಿದ್ದಲ್ಲ. ಬೆಸುಗೆಯ ಫ್ಲಕ್ಸು ಬೋರ್ಡಿನ ಮೇಲೆ ಉಳಿದಿದ್ದರೆ ಅದು ತೇವ ಹೀರಿ ತಾನೇ ಒಂದು ರೆಸಿಸ್ಟರು ಆಗುತ್ತದೆ. ಅದೂ 10 ಮೆಗಾಓಮ್ ಆಯಿತೆನ್ನಿ. ಕೆಪಾಸಿಟರಿಗೆ ಕಾಣುವುದು 5 ಮಾತ್ರ. ತುಂಬಿದ ಮೇಲೆ ಓದುವ ತನಕ 50 ಮೈಕ್ರೊಸೆಕೆಂಡ್ ಕಳೆದರೆ, ಮೊದಲು ಶೇಕಡಾ ಅರ್ಧ ಸೋರುತ್ತಿದ್ದುದು ಈಗ ಶೇಕಡಾ ಒಂದು ಸೋರುತ್ತದೆ. ಹರವಿನ ನಡುವಿನಲ್ಲಿ, 500 ನ್ಯಾನೊಸೆಕೆಂಡ್ ಜಾಗದಲ್ಲಿ, ಇದು ಎರಡೂವರೆ ನ್ಯಾನೊಸೆಕೆಂಡಿನ ತಪ್ಪು. ಮಳೆ ಬಂದಾಗ ಒಂದು ಥರ, ಬಿಸಿಲು ಬಂದಾಗ ಇನ್ನೊಂದು ಥರ. ಬೆಸುಗೆ ಮುಗಿದ ಕೂಡಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ಶಿನಿಂದ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯಿರಿ. ಕೆಪಾಸಿಟರು ಎನ್‌ಪಿ0 ಜಾತಿಯದೇ ಇರಲಿ. ಎಕ್ಸ್7ಆರ್ ಹಾಕಿದರೆ ಸೆಖೆಯೊಂದಿಗೆ ಅದರ ಧಾರಣಶಕ್ತಿಯೂ ಬದಲಾಗುತ್ತದೆ.

ಆಸಿಲೇಟರನ್ನು ತಿದ್ದುವ ವೋಲ್ಟೇಜಿನ ಕಡೆಗೆ ಬನ್ನಿ. ಹೆಚ್ಚಿನವರು ಎಡವುವುದು ಇಲ್ಲೇ, ಮತ್ತೆ ಇದರ ಲೆಕ್ಕ ಬಹಳ ಸರಳ. 0ಯಿಂದ 5 ವೋಲ್ಟಿನಲ್ಲಿ 10 ಮೆಗಾಹರ್ಟ್ಸ್ 8 ಹರ್ಟ್ಸ್ ಬದಲಾಗುವ ಆಸಿಲೇಟರು ಎಂದಿಟ್ಟುಕೊಳ್ಳಿ. ವೋಲ್ಟಿಗೆ 1.6 ಹರ್ಟ್ಸ್, ಅಂದರೆ 1.6×10⁻⁷. ಇದರಲ್ಲಿ 10⁻¹¹ರ ಹೆಜ್ಜೆ ಇಡಬೇಕಾದರೆ 62 ಮೈಕ್ರೊವೋಲ್ಟಿನ ಮೆಟ್ಟಿಲು ಬೇಕು. ಪಲ್ಸಿನ ಅಗಲ ಬದಲಿಸಿ ವೋಲ್ಟೇಜು ಕೊಡುವ 10 ಬಿಟ್ಟಿನ ಪಿಡಬ್ಲ್ಯುಎಂನ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, ಅದು ಒಂದು ಹೆಜ್ಜೆಗೆ 8×10⁻¹⁰ ಹಾರುತ್ತದೆ. 16 ಬಿಟ್ಟಾದರೆ 76 ಮೈಕ್ರೊವೋಲ್ಟ್, ಸರಿಸುಮಾರು ಸಾಕು. ಇಷ್ಟು ಮಾಡಿಯೂ, ಅಂಕಿಯನ್ನು ವೋಲ್ಟೇಜು ಮಾಡುವ ಆ ಡಿಎಸಿಗೆ ಸಾಮಾನ್ಯ 7805 ರೆಗ್ಯುಲೇಟರಿನಿಂದ ಆಧಾರ ಕೊಟ್ಟರೆ ಶ್ರಮ ವ್ಯರ್ಥ. 7805 ಡಿಗ್ರಿಗೆ ಸುಮಾರು ಒಂದು ಮಿಲಿವೋಲ್ಟ್ ಜಾರುತ್ತದೆ. ನಡುಮಟ್ಟದಲ್ಲಿ ಅದರ ಅರ್ಧ. ಡಿಗ್ರಿಗೆ 8×10⁻¹¹, ಹಗಲಿಗೂ ರಾತ್ರಿಗೂ ಕೋಣೆಯಲ್ಲಿ 5 ಡಿಗ್ರಿ ವ್ಯತ್ಯಾಸವಾದರೆ 4×10⁻¹⁰. ಡಬಲ್ ಓವನ್ ಆಸಿಲೇಟರಿನ ಸ್ವಂತ ದೋಷಕ್ಕಿಂತ ಇದು ಹಲವು ಪಟ್ಟು ದೊಡ್ಡದು. ಹಲವು ಓಸಿಎಕ್ಸ್‌ಒಗಳಲ್ಲಿ ಆಧಾರ ವೋಲ್ಟೇಜಿನ ಒಂದು ಪಿನ್ನೇ ಇರುತ್ತದೆ. ಓವನ್ನಿನೊಳಗೇ ಕೂತ ಆಧಾರ ಅದು. ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಡಿಗ್ರಿಗೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ಮ್ಯಾಕ್ಸ್6350 ಥರದ ಚಿಪ್ಪು.

ಇದೇ ಗೆರೆಯ ಮೇಲೆ ಕರೆಂಟಿನ 50 ಹರ್ಟ್ಸ್ ಒಂದು ಮಿಲಿವೋಲ್ಟ್ ಹತ್ತಿಕೊಂಡಿತೆನ್ನಿ. ಆವರ್ತನ 1.6 ಮಿಲಿಹರ್ಟ್ಸ್ ಓಲಾಡುತ್ತದೆ, 10 ಮೆಗಾಹರ್ಟ್ಸ್‌ನ ಎರಡೂ ಬದಿಗೆ ಮುಖ್ಯ ಅಲೆಗಿಂತ 96 ಡೆಸಿಬೆಲ್ ಕೆಳಗೆ ಪಕ್ಕದ ಅಲೆಗಳು ಹುಟ್ಟುತ್ತವೆ. ಕೇಳಲು ಏನೂ ಅಲ್ಲ. ಅದನ್ನು ಸಾವಿರ ಪಟ್ಟು ಗುಣಿಸಿ 10 ಗಿಗಾಹರ್ಟ್ಸ್ ಮಾಡಿದರೆ 60 ಡೆಸಿಬೆಲ್ ಮೇಲೇರಿ ಬರೀ 36 ಕೆಳಗೆ ನಿಲ್ಲುತ್ತವೆ. ಮೈಕ್ರೊವೇವ್ ರಿಸೀವರಿನಲ್ಲಿ ಅದು ಗುಂಯ್ ಎಂದು ಕಿವಿಗೇ ಕೇಳುತ್ತದೆ. ಡಿಎಸಿಯ ನೆಲದ ತಂತಿಯನ್ನು ಓಸಿಎಕ್ಸ್‌ಒದ ನೆಲದ ಪಿನ್ನಿಗೇ ನೇರ ಕಟ್ಟಿ. ಓವನ್ನಿನ ಹೀಟರಿನ ಕರೆಂಟು ಆ ತಂತಿಯಲ್ಲಿ ಹರಿಯಬಾರದು. ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆ ಈ ಕೆಲಸಕ್ಕೆ ಆಗದು.

ಸೆಖೆಗೆ ಎಲ್ಲರೂ ಮೊದಲು ನೆನೆಸುವುದು ತರ್ಮಾಕೋಲು ಪೆಟ್ಟಿಗೆಯನ್ನು. ಅಳತೆ ತಪ್ಪಿದರೆ ಅದೇ ಆಸಿಲೇಟರಿಗೆ ಮಾರಿ. ಜಿಪಿಎಸ್‌ಡಿಒ ಸುಮಾರು ಮೂರೂವರೆ ವಾಟ್ ಶಾಖ ಬಿಡುತ್ತದೆ. ಒಳಗೆ 15 ಸೆಂಟಿಮೀಟರಿನ ಘನ, ಸುತ್ತ 5 ಸೆಂಟಿಮೀಟರ್ ದಪ್ಪ ತರ್ಮಾಕೋಲು ಇದ್ದರೆ ಒಳಗಿನ ಬಿಸಿ ಹೊರಗಿಗಿಂತ 37 ಡಿಗ್ರಿ ಏರುತ್ತದೆ. ಮೇ ತಿಂಗಳಲ್ಲಿ ಕೋಣೆಯೇ 34 ಡಿಗ್ರಿ, ಒಳಗೆ 71. ಸ್ಫಟಿಕದ ಓವನ್ನು 80ರ ಆಸುಪಾಸಿನಲ್ಲಿ ಇರಬೇಕಾದ್ದು, ಸುತ್ತಲೇ ಅಷ್ಟು ಬಿಸಿಯಾದರೆ ಹೀಟರಿಗೆ ಹಿಡಿತ ತಪ್ಪುತ್ತದೆ. 30 ಸೆಂಟಿಮೀಟರಿನ ಘನ, ಎರಡೂವರೆ ಸೆಂಟಿಮೀಟರ್ ದಪ್ಪವಾದರೆ ಏರಿಕೆ 5 ಡಿಗ್ರಿಯೊಳಗೆ. ಒಳಗೆ ಒಂದೆರಡು ಕಿಲೋ ಅಲ್ಯೂಮಿನಿಯಂ ಹಲಗೆಗೆ ಆಸಿಲೇಟರನ್ನು ತಿರುಪಿ ಕೂರಿಸಿದರೆ ಫ್ಯಾನು ಹಾಕಿದ್ದು, ಬಾಗಿಲು ತೆರೆದದ್ದು ಅದಕ್ಕೆ ತಟ್ಟುವುದಿಲ್ಲ. ಹಳೆಯ ಮನೆಗಳಲ್ಲಿ ಭತ್ತ ತುಂಬುವ ಹಲಸಿನ ಹಲಗೆಯ ಪತ್ತಾಯ ಖಾಲಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ಹುಡುಕುವುದು ಕಷ್ಟ: ದಪ್ಪ ಮರ, ದೊಡ್ಡ ಹೊಟ್ಟೆ, ಶಾಖ ನಿಧಾನವಾಗಿ ಹೊರಗೆ ಹೋಗುತ್ತದೆ. ಇರುವೆ ಹೊಗದಂತೆ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡಿ. ಬೆಚ್ಚಗಿನ ಜಾಗವೆಂದರೆ ಅವಕ್ಕೆ ಇಷ್ಟ, ಬೋರ್ಡಿನ ಮೇಲೆ ಗೂಡು ಕಟ್ಟುತ್ತವೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದಪ್ಪ ಗೋಡೆಯ ಒಳಕೋಣೆ ತಾರಸಿಯ ಕೋಣೆಗಿಂತ ಎಷ್ಟೋ ಮೇಲು. ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳ ಒಳಗೆ ವರ್ಷವಿಡೀ ಬಿಸಿ ಹೆಚ್ಚು ಬದಲಾಗದು, ನಿಜ. ಆದರೆ ಅಲ್ಲಿನ ಗಾಳಿ ನೀರಿನಿಂದ ತುಂಬಿದೆ, ಉಪಕರಣಕ್ಕೆ ಅದು ಬೇಡ.

ಅಳತೆಗೆ ಯಾವ ಕಾಲ ಒಳ್ಳೆಯದು ಎಂದರೆ, ಜುಲೈ. ಮೋಡ ಮುಸುಕಿ ಹಗಲಿಗೂ ರಾತ್ರಿಗೂ ಬಿಸಿಯಲ್ಲಿ ಹೆಚ್ಚು ಅಂತರ ಇರುವುದಿಲ್ಲ, ಮಿಂಚು ಸಿಡಿಲೂ ಕಡಿಮೆ. ಜನವರಿಯಲ್ಲಿ ಹವೆ ಒಣಗಿರುತ್ತದೆ, ಆದರೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ದೊಡ್ಡ ಅಂತರ. ಒಂದೇ ಆಸಿಲೇಟರಿನ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವ ತಿಂಗಳಿನದು ಎಂದು ಹೇಳಬಹುದು.

ಜುಲೈಯ ಶತ್ರು ಕರೆಂಟು. ಒಮ್ಮೆ ತಣ್ಣಗಾಗಿ ಮತ್ತೆ ಬಿಸಿಯಾದ ಸ್ಫಟಿಕ ಮೊದಲಿನ ಆವರ್ತನಕ್ಕೇ ಮರಳುವುದಿಲ್ಲ, ನೆಲೆ ಕಾಣಲು ಗಂಟೆಗಳಿಂದ ದಿನಗಳವರೆಗೆ ಹಿಡಿಯುತ್ತದೆ. ಆದ್ದರಿಂದ ಓವನ್ನಿಗೆ ಬ್ಯಾಟರಿ ಬೇಕೇ ಬೇಕು. ಮೂರೂವರೆ ವಾಟಿಗೆ ಆರು ಗಂಟೆ ಎಂದರೆ 21 ವಾಟ್-ಗಂಟೆ. 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ 42 ಸಿಗುತ್ತದೆ. ಆದರೆ 12 ವೋಲ್ಟಿನ ಓಸಿಎಕ್ಸ್‌ಒಗೆ ಅದೇ ಬ್ಯಾಟರಿಯಿಂದ ನೇರ ಕೊಡಬೇಡಿ. 13.6ರಿಂದ 11.5ರವರೆಗೆ ಇಳಿಯುವ ವೋಲ್ಟೇಜು ಆವರ್ತನದಲ್ಲಿ ಕಾಣಿಸುತ್ತದೆ. ಎರಡು ಬ್ಯಾಟರಿ ಸಾಲಾಗಿ ಕಟ್ಟಿ, ಮೊದಲು 15 ವೋಲ್ಟಿಗೆ ಇಳಿಸಿ, ಕೊನೆಯಲ್ಲಿ ಲೀನಿಯರ್ ರೆಗ್ಯುಲೇಟರಿನಿಂದ 12 ಮಾಡಿ. ಶುರುವಿಗೆ ಓವನ್ನು ಒಂದು ಆಂಪಿಯರ್ ಆಸುಪಾಸು ಎಳೆಯುತ್ತದೆ, ರೆಗ್ಯುಲೇಟರಿಗೆ ಅಷ್ಟು ತ್ರಾಣ ಇರಲಿ.

ಎಲ್ಲ ಕಟ್ಟಿದ ಮೇಲೆ ಎಷ್ಟು ಒಳ್ಳೆಯದಾಗಿದೆ ಎಂದು ಹೇಳುವುದು ಅಲನ್ ಡೀವಿಯೇಶನ್. ಡೇವಿಡ್ ಅಲನ್ 1966ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಆವರ್ತನ ಸೆಕೆಂಡಿನಿಂದ ಸೆಕೆಂಡಿಗೆ, ನಿಮಿಷದಿಂದ ನಿಮಿಷಕ್ಕೆ, ಗಂಟೆಯಿಂದ ಗಂಟೆಗೆ ಎಷ್ಟು ಬದಲಾಗುತ್ತದೆಂದು ಒಂದೇ ನಕ್ಷೆಯಲ್ಲಿ ತೋರಿಸುತ್ತದೆ. ಇದನ್ನು ಲೆಕ್ಕ ಹಾಕುವ ತಂತ್ರಾಂಶಗಳಾದ ಟೈಮ್‌ಲ್ಯಾಬ್, ಸ್ಟೇಬಲ್32 ಎರಡೂ ಪುಕ್ಕಟೆ ಸಿಗುತ್ತವೆ. ಅಳತೆಗೆ, ಎರಡು ಪಲ್ಸುಗಳ ನಡುವಿನ ಹೊತ್ತನ್ನು 60 ಪಿಕೊಸೆಕೆಂಡ್ ಸೂಕ್ಷ್ಮತೆಯಲ್ಲಿ ಅಳೆಯುವ ಟಿಎಪಿಆರ್ ಟಿಐಸಿಸಿ ಬೋರ್ಡು ಹವ್ಯಾಸಿಗೆ ಸಾಕಾಗಿ ಉಳಿಯುತ್ತದೆ. ನಕ್ಷೆಯನ್ನು ಓದುವಾಗ ಉಬ್ಬುಗಳನ್ನು ಹುಡುಕಿ. ಮೂವತ್ತು ನಲವತ್ತು ಸಾವಿರ ಸೆಕೆಂಡಿನಲ್ಲಿ ಉಬ್ಬಿದ್ದರೆ ಅದು ಹಗಲು-ರಾತ್ರಿಯ ಬಿಸಿ. ಕೆಲವು ನೂರು ಸೆಕೆಂಡಿನಲ್ಲಿ ಉಬ್ಬಿದ್ದರೆ ಪಕ್ಕದ ಕೋಣೆಯ ಫ್ರಿಜ್ಜೋ ಎಸಿಯೋ ಆಗಾಗ ಆನ್-ಆಫ್ ಆಗುತ್ತಿದೆ, ಇಲ್ಲವೇ ಲೂಪಿನ ಕಾಲಾವಧಿ ಸರಿಹೊಂದಿಲ್ಲ. ಲೂಪನ್ನು 100 ಸೆಕೆಂಡಿನಿಂದ ಶುರು ಮಾಡಿ, ಹಿಡಿತ ಸಿಕ್ಕಿದ ಮೇಲೆ 500, ಆಮೇಲೆ 1,000. ಆಸಿಲೇಟರಿನ ಸ್ವಂತ ಗೆರೆ ಮತ್ತು ಜಿಪಿಎಸ್ಸಿನ ಇಳಿಗೆರೆ ಕೂಡುವ ಜಾಗವೇ ಸರಿಯಾದ ಕಾಲಾವಧಿ.

ಮೂರು ಆಸಿಲೇಟರುಗಳಿದ್ದರೆ ಒಂದನ್ನೊಂದು ಹೋಲಿಸಿ ಪ್ರತಿಯೊಂದರ ದೋಷವನ್ನು ಬೇರ್ಪಡಿಸಬಹುದು. ಮೊದಲನೆಯದರ ವೇರಿಯನ್ಸ್ (ಅಲನ್ ಡೀವಿಯೇಶನ್ನಿನ ವರ್ಗ) ಬೇಕೆಂದರೆ, ಅದು ಸೇರಿದ ಎರಡು ಜೋಡಿಗಳ ವೇರಿಯನ್ಸ್ ಕೂಡಿಸಿ, ಅದಿಲ್ಲದ ಜೋಡಿಯದನ್ನು ಕಳೆದು, ಎರಡರಿಂದ ಭಾಗಿಸಿ. ಈ ಲೆಕ್ಕ ನಿಲ್ಲುವುದು ಮೂರೂ ಸ್ವತಂತ್ರವಾಗಿ ತಪ್ಪಿದರೆ ಮಾತ್ರ. ಒಂದೇ ಕೋಣೆಯ ಒಂದೇ ಸೆಖೆಗೆ ಮೂರೂ ಒಟ್ಟಿಗೆ ಜಾರಿದರೆ ಹೋಲಿಕೆಯಲ್ಲಿ ಆ ಜಾರುವಿಕೆ ಕಾಣುವುದೇ ಇಲ್ಲ, ಎಲ್ಲವೂ ಇದ್ದದ್ದಕ್ಕಿಂತ ಒಳ್ಳೆಯದಾಗಿ ತೋರುತ್ತವೆ. ಕೆಲವೊಮ್ಮೆ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಹಾಗೆ ಬಂದರೆ ಒಂದನ್ನಾದರೂ ಬೇರೆ ಕೋಣೆಗೆ ಒಯ್ದು ಮತ್ತೆ ಅಳೆಯಿರಿ.

ಶಾರ್ಟ್‌ವೇವಿನಲ್ಲಿ ಬರುವ ಸಮಯ ಸಂಕೇತದಿಂದ ಇದನ್ನೆಲ್ಲ ಪರೀಕ್ಷಿಸಬಹುದೇ ಎಂದು ಕೇಳುವವರಿದ್ದಾರೆ. ಚೀನಾದ ಬಿಪಿಎಂ ಕೇಂದ್ರ 10 ಮೆಗಾಹರ್ಟ್ಸ್‌ನಲ್ಲಿ ಟಿಕ್ ಕಳಿಸುತ್ತದೆ. ಇಲ್ಲಿಗೆ 4,300 ಕಿಲೋಮೀಟರ್, ಬರಲು ಸುಮಾರು 15 ಮಿಲಿಸೆಕೆಂಡ್. ಅದು ಬೇಕೆಂದೇ 20 ಮಿಲಿಸೆಕೆಂಡ್ ಮುಂಚಿತವಾಗಿ ಕಳಿಸುವುದರಿಂದ ನಮಗೆ ತುಸು ಮೊದಲೇ ಮುಟ್ಟುತ್ತದೆ. ಅಯಾನುಗೋಳ ಬೆಳಿಗ್ಗೆ ಇಳಿದು ಸಂಜೆ ಏರುವಾಗ ಡಾಪ್ಲರ್‌ನಿಂದ ಆವರ್ತನ ಒಂದು ಹರ್ಟ್ಸ್‌ವರೆಗೂ ತಪ್ಪಬಹುದು, ಅಂದರೆ 10⁻⁷. ರೇಡಿಯೊ ಡಯಲು ಸರಿಪಡಿಸಲು ಸಾಕು, ಅದಕ್ಕಿಂತ ಮುಂದೆ ನಡೆಯದು. ಆದರೆ ಜಿಪಿಎಸ್‌ಡಿಒ ಆಧಾರವಾಗಿಟ್ಟು ಆ ಡಾಪ್ಲರನ್ನೇ ದಿನವಿಡೀ ದಾಖಲಿಸಿದರೆ ಅಯಾನುಗೋಳದ ಏರಿಳಿತವೇ ಗೆರೆಯಾಗಿ ಮೂಡುತ್ತದೆ. ಈ ಉಪಕರಣ ಕೈಗೆ ಬಂದವರು ಮಾಡಬಹುದಾದ ಅತ್ಯಂತ ಸೊಗಸಾದ ಕೆಲಸ ಅದು.

ಉಳಿದದ್ದು ಸಿಡಿಲು. ಏಪ್ರಿಲಿನಿಂದ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ತನಕ, ಆಮೇಲೆ ಅಕ್ಟೋಬರ್-ನವೆಂಬರಿನ ತುಲಾಮಾಸದಲ್ಲಿ, ಮಧ್ಯಾಹ್ನದ ಮೇಲೆ ಗುಡುಗು. ಆಂಟೆನಾ ಗೆರೆಯಲ್ಲಿ 90 ವೋಲ್ಟಿನ ಗ್ಯಾಸ್ ಟ್ಯೂಬಿನ ಅರೆಸ್ಟರು ಹಾಕಿ. ಅದು ಆಂಟೆನಾಕ್ಕೆ ಹೋಗುವ 5 ವೋಲ್ಟನ್ನು ತಡೆಯದು. ಅದರ ನೆಲವೂ ಮನೆಯ ಅರ್ಥಿಂಗೂ ಒಂದೇ ಕಡೆ ಕೂಡಬೇಕು, ಎರಡು ಬೇರೆ ಗುಂಡಿ ಮಾಡಿದರೆ ಅವುಗಳ ನಡುವಿನ ವೋಲ್ಟೇಜು ಉಪಕರಣದ ಮೂಲಕವೇ ದಾರಿ ಹುಡುಕುತ್ತದೆ. ಮುರಕಲ್ಲಿನ ನೆಲ ಕರೆಂಟನ್ನು ಸುಲಭವಾಗಿ ಒಯ್ಯುವುದಿಲ್ಲ. ಗುಂಡಿಗೆ ತೇವವಿರುವ ತಗ್ಗಿನ ಜಾಗ ಹುಡುಕಿ. ಹತ್ತಿರದ ತೆಂಗಿನ ಮರಕ್ಕೇ ಹೊಡೆದರೆ ಅರೆಸ್ಟರು ಏನೂ ಮಾಡಲಾರದು. ಹಾಗಾಗಿ ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ಕಿಟಕಿಯ ಹೊರಗೇ ಕಳಚಿಡುವುದು ಒಂದೇ ನಂಬುವಂಥ ಉಪಾಯ. ಗುಡುಗು ಕೇಳಿಸಿದ ಮೇಲೆ ಅದಕ್ಕೆ ಕೈ ಹಾಕಬಾರದು.

ಕಳಚಿದ ಹೊತ್ತಿನಲ್ಲಿ ಆಸಿಲೇಟರು ಕೊನೆಯ ವೋಲ್ಟೇಜಿನ ಮೇಲೆಯೇ ನಡೆಯುತ್ತದೆ. ಆಗ 10⁻¹⁰ ತಪ್ಪಿದ್ದರೆ ದಿನಕ್ಕೆ 8.6 ಮೈಕ್ರೊಸೆಕೆಂಡ್, ಅದರ ಮೇಲೆ ದಿನಕ್ಕೆ 10⁻¹⁰ ವಯಸ್ಸಿನ ಜಾರುವಿಕೆ ಇದ್ದರೆ ಮೊದಲ ದಿನ ಇನ್ನೂ 4.3. ಮೂರು ನಾಲ್ಕು ಗಂಟೆಯ ಗುಡುಗಿಗೆ ಒಂದೆರಡು ಮೈಕ್ರೊಸೆಕೆಂಡಿನ ಒಳಗೇ ಇರುತ್ತದೆ. ಮತ್ತೆ ಜೋಡಿಸಿದ ಮೇಲೆ ರಿಸೀವರು ನೆಲೆಗೊಳ್ಳಲು ಹತ್ತು ನಿಮಿಷ ಬಿಡಿ. ಫೇಸ್ ಡಿಟೆಕ್ಟರಿನ ಹರವು ಒಂದೇ ಮೈಕ್ರೊಸೆಕೆಂಡ್ ಆದ್ದರಿಂದ, ಲೂಪು ಹಳೆಯ ಜಾಗಕ್ಕೆ ಎಳೆಯಲು ಹೊರಟರೆ ಆವರ್ತನವನ್ನು ಗಂಟೆಗಟ್ಟಲೆ ಕೆಡಿಸುತ್ತದೆ. ಆವರ್ತನವಷ್ಟೇ ಬೇಕಾದವರು ಈಗಿರುವ ಫೇಸನ್ನೇ ಹೊಸ ಸೊನ್ನೆ ಎಂದು ಪ್ರೋಗ್ರಾಮಿಗೆ ಹೇಳಿ ಲೂಪು ಬಿಡಲಿ. ಸಮಯದ ಅಂಚೂ ಬೇಕಾದವರು, 10 ಮೆಗಾಹರ್ಟ್ಸನ್ನು ಭಾಗಿಸಿ ಸೆಕೆಂಡಿಗೊಂದು ಪಲ್ಸ್ ಕೊಡುವ 1 ಪಿಪಿಎಸ್ ವಿಭಾಜಕವನ್ನು ಒಮ್ಮೆ ಜಿಪಿಎಸ್ ಪಲ್ಸಿಗೆ ಹೊಂದಿಸಿ, 100 ಸೆಕೆಂಡಿನ ಕಾಲಾವಧಿಯಿಂದ ಮತ್ತೆ ಶುರು ಮಾಡಲಿ.